ಒಂದು ಸಂಸಾರ, ಎರಡು ಚರಿತ್ರೆಗಳು

ಪರದೇಶಕ್ಕೆ ಹೋಗಿ ಕ್ರೈಸ್ತಮತವನ್ನು ಬೋಧಿಸಿದವರ ಜೀವನಚರಿತ್ರೆಗಳು ಇಂಗ್ಲಿಷಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವು. ನಾಯಕನು ಹಡಗು ಹತ್ತುತ್ತಾನೆ, ಭಾಷೆ ಕಲಿಯುತ್ತಾನೆ, ಕಲ್ಲಿನೇಟು ತಿನ್ನುತ್ತಾನೆ, ಕೊನೆಗೆ ದೇಗುಲವೊಂದು ಏಳುತ್ತದೆ. ಹೆಂಡತಿಯು ಒಂದು ಅಧ್ಯಾಯದಲ್ಲಿ ಕಾಣಿಸಿಕೊಂಡು ಮತ್ತೊಂದರಲ್ಲಿ ಜ್ವರದಿಂದ ತೀರಿಕೊಳ್ಳುತ್ತಾಳೆ. ಆ ಮನೆಯಲ್ಲಿ ಬೆಳಗ್ಗೆ ಒಲೆ ಹೊತ್ತಿಸಿದವರಾರು, ಕೂಸಿಗೆ ಹಾಲು ಎಲ್ಲಿಂದ ಬಂದಿತು, ತಿಂಗಳ ಸಂಬಳದಲ್ಲಿ ಕೈಗೆ ಉಳಿದುದೆಷ್ಟು ಎಂದು ಕೇಳುವುದೇ ಅಪಚಾರವೆಂಬಂತೆ ಚರಿತ್ರಕಾರನು ಮುಂದೆ ಸಾಗಿಬಿಡುತ್ತಾನೆ. ಹಾಗೆ ಸಾಗಿಹೋಗದೆ ಬಾಗಿಲಲ್ಲಿ ನಿಂತು ಒಳಗನ್ನು ನೋಡಿದ ಎರಡು ಪುಸ್ತಕಗಳನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ಎರಡೂ ಅಮೆರಿಕದ ಲೇಖಕಿ ಪರ್ಲ್ ಬಕ್ ಅವರವು. ಎರಡೂ 1936ರಲ್ಲಿ ಪ್ರಕಟವಾದವು. ಒಂದು ತಾಯಿಯ ಚರಿತ್ರೆ, 'ದಿ ಎಕ್ಸೈಲ್'. ಇನ್ನೊಂದು ತಂದೆಯದು, 'ಫೈಟಿಂಗ್ ಏಂಜಲ್', ಎಂದರೆ ಕಾದಾಡುವ ದೇವದೂತ.

ನಮ್ಮ ವಾಚಕರಲ್ಲಿ ಅನೇಕರಿಗೆ ಈ ಲೇಖಕಿಯು ಚೀನದ ರೈತನನ್ನು ಚಿತ್ರಿಸಿದ 'ದಿ ಗುಡ್ ಅರ್ತ್' ಕಾದಂಬರಿಯಿಂದ ಪರಿಚಿತರು. ಅದು 1931ರಲ್ಲಿ ಹೊರಬಂದಿತು. 1938ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕವು ದೊರೆತಾಗ ಅದನ್ನು ಕೊಟ್ಟವರು ಕಾದಂಬರಿಗಳೊಡನೆ ಈ ಜೀವನಚರಿತ್ರೆಗಳನ್ನೂ ಹೆಸರೆತ್ತಿ ಹೊಗಳಿದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕಾದಂಬರಿಯು ಮನೆಮನೆಗೂ ಹೋಯಿತು; ಚರಿತ್ರೆಗಳು ಕಪಾಟಿನಲ್ಲಿ ಉಳಿದುವು. ಕಾದಂಬರಿಗಿಂತ ಇವೇ ಹೆಚ್ಚು ಬಾಳತಕ್ಕವೆಂದು ನನ್ನ ನಂಬಿಕೆ.

ಸಂಸಾರದ ಸಂಗತಿ ಸಂಕ್ಷೇಪವಾಗಿ ಇಷ್ಟು. ಅಬ್ಸಲಂ ಸೈಡನ್‌ಸ್ಟ್ರಿಕರ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿಯೂ ಕ್ಯಾರೊಲೈನ್ ಸ್ಟಲ್ಟಿಂಗ್ ಎಂಬ ಕನ್ಯೆಯೂ 1880ರಲ್ಲಿ ವಿವಾಹವಾಗಿ ಅದೇ ವರ್ಷ ಚೀನಕ್ಕೆ ಹೊರಟರು. ವಧುವಿಗೆ ಆಗ ಇಪ್ಪತ್ತಮೂರು ವಯಸ್ಸು. ಏಳು ಮಂದಿ ಮಕ್ಕಳಾದರು. ನಾಲ್ವರು ಬಾಲ್ಯದಲ್ಲಿಯೇ ತೀರಿದರು. ಉಳಿದ ಮೂವರಲ್ಲಿ ನಡುವಿನವಳೇ ಪರ್ಲ್. ಈಕೆಯು ಹುಟ್ಟಿದುದು 1892ರಲ್ಲಿ, ತಾಯಿತಂದೆಗಳು ರಜೆಯ ಮೇಲೆ ಸ್ವದೇಶಕ್ಕೆ ಬಂದಿದ್ದಾಗ. ಕೆಲವೇ ತಿಂಗಳ ಕೂಸಾಗಿ ಚೀನಕ್ಕೆ ಹೋಗಿ ಯಾಂಗ್ಟ್ಸೆ ನದಿಯ ದಡದ ಚಿನ್‌ಕಿಯಾಂಗ್ ಎಂಬ ಪಟ್ಟಣದಲ್ಲಿ ಬೆಳೆದಳು. ತಾಯಿ 1921ರಲ್ಲಿ ಅದೇ ಪಟ್ಟಣದಲ್ಲಿ ಮಣ್ಣಾದಳು. ತಂದೆ 1931ರಲ್ಲಿ ಕುಲಿಂಗ್ ಗಿರಿಧಾಮದಲ್ಲಿ ತೀರಿಕೊಂಡು ಅಲ್ಲಿಯೇ ಸಮಾಧಿಯಾದನು. ಪುಸ್ತಕಗಳಲ್ಲಿ ತಾಯಿಗೆ ಕ್ಯಾರಿಯೆಂದೂ ತಂದೆಗೆ ಆಂಡ್ರ್ಯೂ ಎಂದೂ ಹೆಸರು.

ತಾಯಿಯ ಚರಿತ್ರೆಯು ಒಂದು ತೋಟದಿಂದ ಮೊದಲಾಗುತ್ತದೆ. ಇಕ್ಕಟ್ಟಾದ ಚೀನೀ ಪಟ್ಟಣವೊಂದರ ನಡುವೆ ತಾನೇ ನಟ್ಟು ಬೆಳಸಿದ ಅಮೆರಿಕದ ಹೂಗಿಡಗಳ ಮಧ್ಯದಲ್ಲಿ ಕ್ಯಾರಿಯು ನಿಂತಿದ್ದಾಳೆ. ಗಂಡನ ಕೆಲಸದ ನಿಮಿತ್ತ ಆಕೆ ಎಷ್ಟೋ ಮನೆಗಳನ್ನು ಬದಲಾಯಿಸಬೇಕಾಯಿತು. ಪ್ರತಿಯೊಂದರಲ್ಲಿಯೂ ಮೊದಲು ಗೋಡೆಗೆ ಸುಣ್ಣ, ಆಮೇಲೆ ಕಿಟಕಿಗೆ ಬಿಳಿಯ ಪರದೆ, ಆಮೇಲೆ ಅಂಗಳಕ್ಕೆ ಹೂವಿನ ಬೀಜ. ಅಣ್ಣನು ಕೊಟ್ಟ ಆರ್ಗನ್ ವಾದ್ಯವು ಅವಳೊಡನೆ ಊರಿಂದೂರಿಗೆ ಪ್ರಯಾಣ ಮಾಡಿತು. ಮಕ್ಕಳಿಗೆ ಮನೆಯಲ್ಲಿಯೇ ಪಾಠ. ಹೆರಿಗೆಯ ನೋವು, ಗಂಡನ ಹೊಡೆತ, ಅತ್ತೆಯ ಕಾಟ, ಎಲ್ಲವನ್ನೂ ಹೇಳಿಕೊಳ್ಳಲು ಬರುವ ಚೀನೀ ಹೆಂಗಸರಿಗೆ ಒಂದು ಕೋಣೆ ಸದಾ ತೆರೆದಿರುತ್ತಿತ್ತು. ಗಂಡನು ತಿಂಗಳುಗಟ್ಟಲೆ ಹಳ್ಳಿಗಳಲ್ಲಿ ಬೋಧಿಸುತ್ತ ತಿರುಗುತ್ತಿದ್ದನು. ಅವನ ಕಣ್ಣಿಗೆ ಆತ್ಮಗಳು ಕಂಡಷ್ಟು ಸ್ಪಷ್ಟವಾಗಿ ಇವಳ ಕಣ್ಣಿಗೆ ಮನುಷ್ಯರು ಕಂಡರು. ಈ ಭೇದವನ್ನು ಲೇಖಕಿಯು ತರ್ಕದಿಂದ ಸಾಧಿಸಲು ಹೋಗಿಲ್ಲ. ಪರದೆ, ಬೀಜ, ಪಿಂಗಾಣಿ ಬಟ್ಟಲುಗಳಿಂದ ತೋರಿಸಿದ್ದಾರೆ.

ಪಿಂಗಾಣಿ ಬಟ್ಟಲಿನ ಮಾತು ಬಂದುದರಿಂದ ಈ ಗ್ರಂಥದ ಅತ್ಯಂತ ಪ್ರಸಿದ್ಧವಾದ ಪ್ರಸಂಗವನ್ನು ಹೇಳಲೇಬೇಕು. ಮಳೆಯಿಲ್ಲದ ಒಂದು ವರ್ಷ. ಪರದೇಶೀಯರು ಬಂದು ನೆಲೆಸಿದುದರಿಂದಲೇ ದೇವತೆಗಳು ಮುನಿದರೆಂದು ಊರಿನಲ್ಲಿ ಮಾತು ಹಬ್ಬುತ್ತದೆ. ಗಂಡನು ಊರಲ್ಲಿಲ್ಲ. ಆ ರಾತ್ರಿ ತಮ್ಮನ್ನು ಕೊಲ್ಲಲು ಜನರು ಬರಲಿದ್ದಾರೆಂದು ಕಿಟಕಿಯ ಕೆಳಗಿನ ಪಿಸುಮಾತಿನಿಂದ ಕ್ಯಾರಿಗೆ ತಿಳಿಯುತ್ತದೆ. ಅವಳು ಬಾಗಿಲಿಗೆ ಅಗುಳಿ ಹಾಕಲಿಲ್ಲ. ಕೋಣೆಯನ್ನು ಗುಡಿಸಿ ಒಪ್ಪಮಾಡಿದಳು, ಚಹ ಕಾಸಿದಳು, ತಿಂಡಿಯ ತಟ್ಟೆಗಳನ್ನು ಹೊಂದಿಸಿಟ್ಟಳು, ನಿದ್ದೆಯಲ್ಲಿದ್ದ ಮಕ್ಕಳನ್ನು ಎಬ್ಬಿಸಿ ಬಟ್ಟೆ ತೊಡಿಸಿ ಆಟಕ್ಕೆ ಕೂರಿಸಿದಳು. ಆಯುಧ ಹಿಡಿದು ಒಳನುಗ್ಗಿದವರಿಗೆ, ಬನ್ನಿ, ನಿಮಗಾಗಿಯೇ ಕಾದಿದ್ದೆವೆಂಬ ಸತ್ಕಾರ! ಅತಿಥಿಯಾದ ಮೇಲೆ ಕೊಲ್ಲುವುದು ಹೇಗೆ? ಬಂದವರು ಗಲಿಬಿಲಿಗೊಂಡು ಚಹ ಕುಡಿದು, ಮಕ್ಕಳನ್ನು ನೋಡಿ, ಹೊರಟುಹೋದರು. ಆ ರಾತ್ರಿಯೇ ಮಳೆ ಬಂದಿತು.

ಈ ಪ್ರಸಂಗವನ್ನು ವೀರಕಥೆಯೆಂದು ಮೆಚ್ಚುವವರೇ ಹೆಚ್ಚು. ನನಗೆ ಇದರಲ್ಲಿ ಬೇರೊಂದು ಅಂಶವು ಮುಖ್ಯವಾಗಿ ತೋರುತ್ತದೆ. ಇದು ನಡೆದಾಗ ಲೇಖಕಿಯು ಇನ್ನೂ ಹುಟ್ಟಿರಲಿಲ್ಲ. ಮನೆಯಲ್ಲಿ ನೂರು ಸಲ ಹೇಳಿ ಕೇಳಿದ ಕಥೆಯಿದು. ಆದುದರಿಂದಲೇ ನದಿಯ ಕಲ್ಲಿನಂತೆ ನುಣುಪಾಗಿದೆ. ಮಳೆಯು ಅಷ್ಟು ಸರಿಯಾಗಿ ಅದೇ ರಾತ್ರಿ ಬಂದುದು ಆ ನುಣುಪಿನ ಫಲವಾಗಿರಲಾರದೆ? ಇರಬಹುದು. ಆದರೆ ಪೊರಕೆ ಹಿಡಿದ ಕೈಯನ್ನು ಯಾರೂ ಕಲ್ಪಿಸಿ ಸೇರಿಸುವುದಿಲ್ಲ. ಸಾವಿನ ನಿರೀಕ್ಷೆಯಲ್ಲಿ ಕೋಣೆ ಗುಡಿಸುವುದು ದಿನವೂ ಗುಡಿಸಿದವಳಿಗೆ ಮಾತ್ರ ಸಾಧ್ಯ. ಆ ದಿನಚರಿಯ ಬಲದಿಂದಲೇ ಅವಳು ಬದುಕಿದಳು.

ಆ ದಿನಚರಿಯ ಬೆಲೆಯನ್ನೂ ಪುಸ್ತಕವು ಮುಚ್ಚಿಲ್ಲ. ಸತ್ತ ಮಕ್ಕಳ ಅಧ್ಯಾಯಗಳನ್ನು ಒಂದೇ ಕುಳಿತದಲ್ಲಿ ಓದುವುದು ಕಷ್ಟ. ತಮ್ಮನಾದ ಕ್ಲೈಡನು ತೀರಿಕೊಂಡ 1899ರಲ್ಲಿ, ಆರು ವರ್ಷದ ಪರ್ಲ್ ಅಮೆರಿಕದ 'ಕ್ರಿಶ್ಚಿಯನ್ ಅಬ್ಸರ್ವರ್' ಪತ್ರಿಕೆಗೆ ಬರೆದ ಒಂದು ಪುಟ್ಟ ಕಾಗದವು ಅಚ್ಚಾಗಿತ್ತು. ತನ್ನ ತಮ್ಮನು ನಿಜವಾದ ಮನೆಯಾದ ಸ್ವರ್ಗಕ್ಕೆ ಹೋದನೆಂಬುದು ಅದರ ಸಾರಾಂಶ. ಹಿರಿಯರು ಕಲಿಸಿಕೊಟ್ಟ ಮಾತದು. ಮಗುವು ವಿಧೇಯವಾಗಿ ಬರೆಯಿತು. ಮೂವತ್ತೇಳು ವರ್ಷಗಳ ಮೇಲೆ ಅದೇ ಕೈಯಿಂದ 'ದಿ ಎಕ್ಸೈಲ್' ಹೊರಬಂದಿತು. ಅದರಲ್ಲಿ ಮನೆಯೆಂಬುದು ಸ್ವರ್ಗದಲ್ಲಿಲ್ಲ. ಅಮೆರಿಕದ ಬೆಟ್ಟಗಳ ನಡುವಿನ ಒಂದು ಮರದ ಮನೆಯಲ್ಲಿದೆ, ಚಿನ್‌ಕಿಯಾಂಗಿನ ಗುಲಾಬಿಯ ಪಾತಿಯಲ್ಲಿದೆ, ಮಕ್ಕಳ ಗೋರಿಗಳಲ್ಲಿದೆ. ಕ್ಯಾರಿಯ ತಾಯಿಯು ಸಾಯುವಾಗ ಮಗಳು ಮಾಡಿದ ಹರಕೆಯಿಂದ ಈ ಪ್ರವಾಸವು ಮೊದಲಾಯಿತು. ದೇವರಿಂದ ಒಂದು ಗುರುತು ಸಿಕ್ಕೀತೆಂದು ಅವಳು ಜೀವಮಾನವೆಲ್ಲ ಕಾದಳು. ಗುರುತು ಬರಲಿಲ್ಲವೆಂದು ಲೇಖಕಿಯ ಅಭಿಪ್ರಾಯ.

ಇಲ್ಲಿ ನನ್ನ ಮೊದಲನೆಯ ಆಕ್ಷೇಪಣೆ. ತಾಯಿಯ ಅಂತರಂಗದಲ್ಲಿ ನಡೆದುದನ್ನು ಮಗಳು ಇಷ್ಟು ಖಂಡಿತವಾಗಿ ಬಲ್ಲಳೆ? ಒಬ್ಬಂಟಿಯಾಗಿ ಕುಳಿತಾಗ ಕ್ಯಾರಿಯು ನೆನೆದುದನ್ನು, ದೇವರೊಡನೆ ಜಗಳವಾಡಿದುದನ್ನು ಲೇಖಕಿಯು ಕಾದಂಬರಿಕಾರರ ಸಲಿಗೆಯಿಂದ ಬರೆದುಕೊಂಡು ಹೋಗುತ್ತಾರೆ. ಹೆಸರುಗಳನ್ನು ಮರೆಸಿರುವುದೂ ಈ ಸಲಿಗೆಗೆ ಅನುಕೂಲವಾಗಿದೆ. ಎರಡನೆಯದು, ಈ ಪುಸ್ತಕದಲ್ಲಿ ತಂದೆಯು ಮರದ ಬೊಂಬೆ. ಬರುತ್ತಾನೆ, ಊಟ ಮಾಡುತ್ತಾನೆ, ಪ್ರಾರ್ಥಿಸುತ್ತಾನೆ, ಹೋಗುತ್ತಾನೆ. ತಾಯಿಯು ತೀರಿದ ದುಃಖವು ಹಸಿಯಾಗಿದ್ದಾಗ ಮನೆಯವರಿಗಾಗಿ ಬರೆದಿಟ್ಟು, ಬಹಳ ವರ್ಷಗಳ ತರುವಾಯ ಅಚ್ಚಿಗೆ ಕೊಟ್ಟ ಗ್ರಂಥವಾದುದರಿಂದ ಈ ಪಕ್ಷಪಾತವು ಕ್ಷಮ್ಯವೆಂದು ಹೇಳಬಹುದು. ಕ್ಷಮ್ಯವಾದುದೆಲ್ಲ ನ್ಯಾಯವಲ್ಲ.

ಇದನ್ನು ಸ್ವತಃ ಲೇಖಕಿಯೇ ಅರಿತಿದ್ದರೆಂಬುದಕ್ಕೆ ಎರಡನೆಯ ಗ್ರಂಥವೇ ಸಾಕ್ಷಿ. 'ಫೈಟಿಂಗ್ ಏಂಜಲ್' ಬರೆಯುವ ವೇಳೆಗೆ ತಂದೆಯೂ ಇಲ್ಲ, ಆಕೆಯೂ ತಾಯಿಯಾಗಿದ್ದಾರೆ, ವಿದೇಶದ ಮಿಶನ್ನುಗಳನ್ನು ಬಹಿರಂಗವಾಗಿ ವಿಮರ್ಶಿಸಿ 1933ರಲ್ಲಿ ತಮ್ಮ ಮಿಶನ್ ಮಂಡಲಿಯನ್ನು ಬಿಟ್ಟುಬಂದಿದ್ದಾರೆ. ಕೋಪವಿನ್ನೂ ಇದೆ, ಆದರೆ ಹದಗೊಂಡಿದೆ. ಅದರೊಳಗೆ ನಗೆ ಸೇರಿದೆ. ಆಂಡ್ರ್ಯೂ ಇಲ್ಲಿ ಮೊದಲ ಸಲ ಉಸಿರಾಡುತ್ತಾನೆ. ಚೀನೀ ಭಾಷೆಯಲ್ಲಿ ಅವನಿಗಿದ್ದ ಪಾಂಡಿತ್ಯ, ಸಹೋದ್ಯೋಗಿಗಳೊಡನೆ ಅವನ ಮುಗಿಯದ ವ್ಯಾಜ್ಯ, ಭಯವೆಂಬುದನ್ನೇ ಅರಿಯದ ಸ್ವಭಾವ, ಇವೆಲ್ಲ ಕಣ್ಣಿಗೆ ಕಟ್ಟುತ್ತವೆ. 1900ರ ಬಾಕ್ಸರ್ ದಂಗೆಯಲ್ಲಿ ಹೆಂಡತಿ ಮಕ್ಕಳನ್ನು ಷಾಂಘಾಯ್ ನಗರಕ್ಕೆ ಸಾಗಿಸಿ ತಾನು ಮಾತ್ರ ತನ್ನ ಸ್ಥಾನಕ್ಕೆ ಹಿಂದಿರುಗಿದ ಮನುಷ್ಯನಿವನು. ಹೊಸ ಒಡಂಬಡಿಕೆಯನ್ನು ಆಡುಮಾತಿನ ಚೀನಿಗೆ ತರುವ ಹಂಬಲವು ಅವನನ್ನು ಹಿಡಿದಿತ್ತು. ಅದನ್ನು ತಿದ್ದಿ ತಿದ್ದಿ ಅಚ್ಚು ಹಾಕಿಸಲು ಮನೆಯ ಅಲ್ಪಸ್ವಲ್ಪ ಹಣವೂ ಹೋಗುತ್ತಿತ್ತು. ಮಕ್ಕಳ ಉಡುಪು, ಹೆಂಡತಿಯ ಸಣ್ಣಪುಟ್ಟ ಆಸೆಗಳು ಎಲ್ಲವೂ ಆ ಗ್ರಂಥದ ಹೊಟ್ಟೆಗೆ ಸೇರಿದವು. ಇದರಲ್ಲಿ ತಾನು ಯಾರಿಗಾದರೂ ಅನ್ಯಾಯ ಮಾಡುತ್ತಿದ್ದೇನೆಂಬ ಯೋಚನೆಯೇ ಅವನಿಗೆ ಬಂದಂತಿಲ್ಲ.

ಓದುವಾಗ ನನಗೆ ನಮ್ಮ ಕಡೆಯ ಎಷ್ಟೋ ಮನೆಗಳು ನೆನಪಾದುವು. ನಿಘಂಟಿಗಾಗಿ, ಪತ್ರಿಕೆಗಾಗಿ, ದೇಶಕ್ಕಾಗಿ ಸರ್ವಸ್ವವನ್ನೂ ತೆತ್ತರೆಂದು ನಾವು ಹಾರ ಹಾಕಿ ಹೊಗಳುವ ಮಹನೀಯರ ಮನೆಯಲ್ಲಿ ಆ ಸರ್ವಸ್ವವು ಯಾರ ಡಬ್ಬಿಯೊಳಗಿನಿಂದ ಹೋಯಿತೆಂದು ಕೇಳಿದವರುಂಟೆ? ಒಬ್ಬ ಹಿರಿಯ ಮಿತ್ರರು ಈ ಪುಸ್ತಕಗಳನ್ನು ಓದಿ, ಹೆತ್ತವರ ದೋಷವನ್ನು ಅಚ್ಚು ಹಾಕಿಸುವುದು ಮಕ್ಕಳಿಗೆ ತಕ್ಕುದಲ್ಲವೆಂದು ಮುಖ ಕಿವುಚಿದರು. ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಆದರೆ ಈ ಮಗಳು ತಂದೆಯನ್ನು ಕಟಕಟೆಗೆ ನಿಲ್ಲಿಸಿ ಬಿಟ್ಟುಹೋಗಲಿಲ್ಲ. ತಾಯಿಯು ತೀರಿದ ಮೇಲೆ ಅವನನ್ನು ತನ್ನ ಮನೆಯಲ್ಲಿಯೇ ಇರಿಸಿಕೊಂಡಳು. ಅಲ್ಲಿ ಹತ್ತು ವರ್ಷ ನಿತ್ಯವೂ ಕಂಡ ಮುದುಕನೇ ಎರಡನೆಯ ಪುಸ್ತಕದ ಆಂಡ್ರ್ಯೂ. ದೋಷವನ್ನು ಹೇಳಿದ ಬಾಯಿಯೇ ಗುಣವನ್ನೂ ಹೇಳಿರುವುದರಿಂದ ಎರಡೂ ನಂಬುವಂತಿವೆ. ಕಲೆಯ ದೃಷ್ಟಿಯಿಂದ ಎರಡನೆಯದೇ ಮೇಲೆಂದು ಒಪ್ಪಬೇಕು. ಮನಸ್ಸಿನಲ್ಲಿ ಉಳಿಯುವುದು ಮಾತ್ರ ಮೊದಲನೆಯದರ ತೋಟ.

ಎರಡಕ್ಕೂ ಸಾಮಾನ್ಯವಾದ ಕೊರತೆಯೊಂದಿದೆ. ವಾಂಗ್ ಆಮಾ ಎಂಬ ದಾದಿಯು ಈ ಮನೆಯ ಮಕ್ಕಳನ್ನು ಎತ್ತಿ ಬೆಳಸಿದಳು, ಕಥೆಗಳನ್ನು ಹೇಳಿದಳು. ಇವಳ ನಡತೆ ಸರಿಯಲ್ಲವೆಂದು ಇತರ ಮಿಶನರಿಗಳು ಮೂಗು ಮುರಿದಾಗ ಕ್ಯಾರಿಯು ಕಿವಿಗೊಡಲಿಲ್ಲ. ಆ ಮನೆಯಲ್ಲಿ ಅಷ್ಟು ವರ್ಷ ಬಾಳಿದ ಈ ಹೆಂಗಸಿಗೆ ಪರ್ಲಿನ ತಾಯಿತಂದೆಗಳು ಹೇಗೆ ಕಂಡರು? ಗ್ರಂಥವು ಹೇಳುವುದಿಲ್ಲ. ಅವಳು ಬರುವುದೆಲ್ಲ ಯಜಮಾನಿಯ ಒಳ್ಳೆಯತನವನ್ನು ಬೆಳಗಿಸಲು ಹಿಡಿದ ದೀಪವಾಗಿ. ಚೀನದ ಬಡವರ ಮನೆಯೊಳಕ್ಕೆ ಅಷ್ಟು ಸಲೀಸಾಗಿ ಹೊಕ್ಕ ಲೇಖಕಿಯು ತಮ್ಮ ಮನೆಯ ಹಿತ್ತಿಲ ಬಾಗಿಲನ್ನು ದಾಟದೆ ಹೋದುದು ಆಶ್ಚರ್ಯ.

ಕನ್ನಡಿಗರಿಗೆ ಈ ವಿಷಯವು ದೂರದ್ದೇನೂ ಅಲ್ಲ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲ್ ನಿಘಂಟು, ಕೆಂಪು ಹೆಂಚು, ಇವನ್ನೆಲ್ಲ ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ನಿಘಂಟಿನ ಮನೆಯೊಡತಿಯನ್ನು ನೆನೆಯುವವರಾರು? ಕಿಟ್ಟೆಲರ ಮೊದಲ ಹೆಂಡತಿ ಪೌಲೀನ್ ಮದುವೆಯಾದ ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ ತೀರಿಕೊಂಡಳು. ಅವಳ ತಂಗಿ ಜೂಲಿಯು ಬಂದು ಆ ಸಂಸಾರವನ್ನು ಹೊತ್ತಳು. ಈ ಮಿಶನರಿಗಳ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ವಿದ್ಯಾಭ್ಯಾಸಕ್ಕೆಂದು ಯೂರೋಪಿಗೆ ಕಳುಹಿಸುವುದು ವಾಡಿಕೆಯಾಗಿತ್ತು. ಅವರಿಗಾಗಿ ಬಾಸೆಲ್ ನಗರದಲ್ಲಿ ಒಂದು ಗೃಹವೇ ಇತ್ತು. ಹರ್ಮನ್ ಗುಂಡರ್ಟರ ಮಗಳು, ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ, 1842ರಲ್ಲಿ ತಲಚೇರಿಯಲ್ಲಿ ಹುಟ್ಟಿ ಹೀಗೆಯೇ ದೂರ ಬೆಳೆದವಳು. ಕ್ಯಾರಿಯ ಮಕ್ಕಳು ಚೀನದಲ್ಲಿ ತಾಯಿಯ ಬಳಿಯಲ್ಲಿಯೇ ಅಕ್ಷರ ಕಲಿತರು. ಮಂಗಳೂರಿನ ತಾಯಂದಿರಿಗೆ ಆ ಭಾಗ್ಯವೂ ಅಪರೂಪ. ಅವರ ಕಥೆಯನ್ನು ಹೇಳುವ ಇಂಥದೊಂದು ಗ್ರಂಥವು ಕನ್ನಡದಲ್ಲಿ ಬಂದರೆ ನಮ್ಮ ಸಾಹಿತ್ಯದ ಒಂದು ಸಾಲ ತೀರೀತು.

ಅದಕ್ಕೆ ಮೊದಲು ಈ ಎರಡನ್ನು ಯಾರಾದರೂ ಕನ್ನಡಿಸಬಹುದು. ಕಷ್ಟವು ಹೆಸರಿನಲ್ಲಿಯೇ ಮೊದಲಾಗುತ್ತದೆ. 'ಎಕ್ಸೈಲ್' ಎಂಬುದಕ್ಕೆ ದೇಶಭ್ರಷ್ಟೆಯೆಂದರೆ ಅರಸನ ಶಿಕ್ಷೆ ನೆನಪಾಗುತ್ತದೆ. ವನವಾಸಿನಿಯೆಂದರೆ ಸೀತೆಯು ಅಡ್ಡ ಬರುತ್ತಾಳೆ, ಹದಿನಾಲ್ಕು ವರ್ಷಕ್ಕೆ ಅವಧಿಯೂ ಮುಗಿಯುತ್ತದೆ. ಕ್ಯಾರಿಯನ್ನು ಯಾರೂ ಅಟ್ಟಲಿಲ್ಲ. ತನ್ನ ಹರಕೆಗೆ ತಾನೇ ಸಿಕ್ಕಿದಳು. ಅವಳ ಅಜ್ಜನೂ ಧರ್ಮಸ್ವಾತಂತ್ರ್ಯವನ್ನು ಬಯಸಿ ಹಾಲೆಂಡಿನ ಯೂಟ್ರೆಕ್ಟ್ ನಗರವನ್ನು ಬಿಟ್ಟು ಅಮೆರಿಕಕ್ಕೆ ಬಂದವನು. 'ನಾಡುಬಿಟ್ಟವಳು' ಎಂಬ ತಿಳಿಗನ್ನಡವು ಸದ್ಯಕ್ಕೆ ಸಾಕೆಂದು ತೋರುತ್ತದೆ. ಅನುವಾದಕರಲ್ಲಿ ನನ್ನ ಬಿನ್ನಹ ಒಂದೇ: ಒಂದನ್ನು ಕನ್ನಡಿಸಿ ಇನ್ನೊಂದನ್ನು ಬಿಡಬಾರದು. 1944ರಲ್ಲಿ ಅಮೆರಿಕದ ಪ್ರಕಾಶಕರು ಎರಡನ್ನೂ ಕೂಡಿಸಿ 'ದಿ ಸ್ಪಿರಿಟ್ ಅಂಡ್ ದಿ ಫ್ಲೆಷ್' ಎಂಬ ಒಂದೇ ಸಂಪುಟವಾಗಿ ಹೊರತಂದರು. ಚಿನ್‌ಕಿಯಾಂಗಿನಲ್ಲಿ ಒಬ್ಬರು, ಕುಲಿಂಗಿನಲ್ಲಿ ಒಬ್ಬರು ಮಲಗಿರುವ ಆ ದಂಪತಿಗಳು ಒಂದೇ ರಟ್ಟಿನೊಳಗೆ ಒಟ್ಟಿಗಿರುವುದು ಅಲ್ಲಿ ಮಾತ್ರ.