ಭೂನೌಕಾಗ್ರಂಥವೂ ಅದರ ಅಧಿಕಾರಿಯೂ

ಶಾಸ್ತ್ರಗ್ರಂಥವೊಂದನ್ನು ಪರೀಕ್ಷಿಸುವಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧಚತುಷ್ಟಯವನ್ನು ಮೊದಲು ವಿಚಾರಿಸುವುದು ಪ್ರಾಚೀನ ವ್ಯಾಖ್ಯಾನಕಾರರ ಸಂಪ್ರದಾಯ. ಗ್ರಂಥವು ಏನನ್ನು ಹೇಳುತ್ತದೆ, ಅದರಿಂದ ಫಲವೇನು ಎಂಬುವು ಎಷ್ಟು ಮುಖ್ಯವೋ, ಅದು ಯಾರಿಗಾಗಿ ಹೇಳಲ್ಪಟ್ಟಿತು ಎಂಬುದೂ ಅಷ್ಟೇ ಮುಖ್ಯ. ವಿಷಯವು ಸತ್ಯವಾಗಿದ್ದು ಪ್ರಯೋಜನವು ಶ್ಲಾಘ್ಯವಾಗಿದ್ದರೂ ಅಧಿಕಾರಿಯ ನಿರ್ಣಯದಲ್ಲಿ ತಪ್ಪಿದರೆ ಶಾಸ್ತ್ರವು ನಿಷ್ಫಲವಾಗುವುದುಂಟು. ಗೃಹನಿರ್ಮಾಣವನ್ನು ಕುರಿತು ಈಚೆಗೆ ಲೋಕದಲ್ಲಿ ಬಹಳ ಪ್ರಚಾರಕ್ಕೆ ಬಂದಿರುವ ಒಂದು ಗ್ರಂಥಸಮುಚ್ಚಯವನ್ನು ಈ ನಾಲ್ಕು ಒರೆಗಲ್ಲುಗಳ ಮೇಲೆ ಉಜ್ಜಿ ನೋಡುವುದು ಉಚಿತವಾಗಿದೆ. ಅದು ಅಮೆರಿಕದ ವಾಸ್ತುಶಿಲ್ಪಿ ಮೈಕೇಲ್ ರೆನಾಲ್ಡ್ಸ್‌ರವರ ‘ಅರ್ತ್‌ಶಿಪ್’ ಎಂಬ ಕೃತಿ. ಇದರ ಮೊದಲ ಸಂಪುಟವು 1990ರಲ್ಲಿಯೂ ಮೂರನೆಯದು 1993ರಲ್ಲಿಯೂ ಪ್ರಕಟವಾದುವು. ‘ಭೂನೌಕೆ’ ಎಂದು ಇದರ ಹೆಸರನ್ನು ಕನ್ನಡಿಸಬಹುದು.

ಮೊದಲು ವಿಷಯ. ರೆನಾಲ್ಡ್ಸ್‌ರವರು 1969ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ ವಾಸ್ತುವಿದ್ಯೆಯ ವ್ಯಾಸಂಗವನ್ನು ಮುಗಿಸಿ, ನ್ಯೂ ಮೆಕ್ಸಿಕೊ ಪ್ರಾಂತದ ಟಾವೊಸ್ ಎಂಬ ಊರಿಗೆ ಬಂದು ನೆಲಸಿದರು. ಜನರು ಕುಡಿದು ಬಿಸುಟ ಪಾನೀಯದ ಡಬ್ಬಿಗಳನ್ನು ತಂತಿಯಿಂದ ಬಿಗಿದು ಇಟ್ಟಿಗೆಗಳಂತೆ ಬಳಸಿ 1972ರಲ್ಲಿ ಒಂದು ಮನೆಯನ್ನು ಕಟ್ಟಿದರು. ಕಾಲಕ್ರಮದಲ್ಲಿ ಡಬ್ಬಿಗಳ ಜೊತೆಗೆ ಮೋಟಾರು ವಾಹನಗಳ ಸವೆದ ಟೈರುಗಳೂ ಗಾಜಿನ ಸೀಸೆಗಳೂ ಸೇರಿದುವು. ಟೈರನ್ನು ನೆಲದಮೇಲೆ ಮಲಗಿಸಿ, ಅದರ ಹೊಟ್ಟೆಯೊಳಕ್ಕೆ ಸ್ಥಳದ ಮಣ್ಣನ್ನೇ ಹಾಕಿ, ದೊಡ್ಡ ಸುತ್ತಿಗೆಯಿಂದ ಜಡಿದು ತುಂಬಿದರೆ ಒಂದೊಂದು ಟೈರೂ ಸುಮಾರು 130ರಿಂದ 140 ಕಿಲೋಗ್ರಾಂ ತೂಗುವ ಇಟ್ಟಿಗೆಯಾಗುವುದು. ಇಂತಹ ನೂರಾರು ಟೈರುಗಳ ದಪ್ಪಗೋಡೆಯು ಮನೆಯ ಮೂರು ಕಡೆಗಳಲ್ಲಿ ನಿಲ್ಲುವುದು. ಅದರ ಹಿಂದೆ ಮಣ್ಣಿನ ದಿಬ್ಬವಿರುವುದು. ದಕ್ಷಿಣದ ಮುಖಕ್ಕೆ ಮಾತ್ರ ಗಾಜು. ಹಗಲಿನ ಬಿಸಿಲನ್ನು ಗೋಡೆಯು ಹೀರಿಕೊಂಡು ರಾತ್ರಿಯ ಚಳಿಯಲ್ಲಿ ಮನೆಯೊಳಕ್ಕೆ ಬಿಡುವುದೇ ಇದರ ಮರ್ಮ.

ಪ್ರಯೋಜನವೂ ಸ್ಪಷ್ಟವಾಗಿದೆ. ಪಟ್ಟಣದ ವಿದ್ಯುತ್ತಿನ ತಂತಿಗಾಗಲಿ, ನೀರಿನ ಕೊಳವೆಗಾಗಲಿ, ಚರಂಡಿಗಾಗಲಿ ಕಟ್ಟುಬೀಳದೆ ಮನುಷ್ಯನು ಬಾಳಬಲ್ಲ ಮನೆಯನ್ನು ಕೊಡುವುದೇ ಆ ಪ್ರಯೋಜನ. ಮಾಡಿನ ಮೇಲೆ ಬಿದ್ದ ಮಳೆಯ ಮತ್ತು ಹಿಮದ ನೀರು ತೊಟ್ಟಿಯನ್ನು ಸೇರುವುದು. ಮೊದಲು ಕುಡಿಯುವುದಕ್ಕೂ ಸ್ನಾನಕ್ಕೂ ಒದಗಿ, ಬಳಿಕ ಮನೆಯೊಳಗಿನ ಗಿಡಗಳ ಪಾತಿಯಲ್ಲಿ ಸೋಸಿ, ಅನಂತರ ಪಾಯಿಖಾನೆಯನ್ನು ತೊಳೆದು, ಕೊನೆಗೆ ಹೊರಗಿನ ಗಿಡಗಳನ್ನು ಮುಟ್ಟುವುದು. ವರ್ಷಕ್ಕೆ ಸುಮಾರು 300 ಮಿಲಿಮೀಟರು ಮಾತ್ರ ಮಳೆಯಾಗುವ ಟಾವೊಸಿನಲ್ಲಿ ಒಂದೇ ನೀರನ್ನು ನಾಲ್ಕು ಸಲ ದುಡಿಸುವ ಈ ಕ್ರಮವು ಗ್ರಂಥಕರ್ತರ ಪ್ರತಿಭೆಗೆ ಉತ್ತಮ ನಿದರ್ಶನವೆಂಬುದು ನಿರ್ವಿವಾದ. ಬಿಸಿಲಿನಿಂದಲೂ ಗಾಳಿಯಿಂದಲೂ ಹುಟ್ಟುವ ವಿದ್ಯುತ್ತು ಬ್ಯಾಟರಿಗಳಲ್ಲಿ ಸಂಗ್ರಹವಾಗುವುದು. ಮನೆಯ ಒಂದೊಂದು ಅಂಗವೂ ಮತ್ತೊಂದಕ್ಕೆ ಉಪಕಾರಕವಾಗಿರುವುದರಿಂದ ಇಲ್ಲಿ ಅಂಗಾಂಗಿಭಾವವು ಸುಘಟಿತವಾಗಿದೆ. ವಿಷಯಕ್ಕೂ ಪ್ರಯೋಜನಕ್ಕೂ ಇರಬೇಕಾದ ಸಂಬಂಧವು ಟಾವೊಸಿನ ಮಟ್ಟಿಗೆ ಸಿದ್ಧವಾಯಿತೆಂದೇ ಹೇಳಬೇಕು.

ಇಲ್ಲಿ ವಾಸ್ತುಶಾಸ್ತ್ರವನ್ನು ಬಲ್ಲವರು ಒಂದು ಪೂರ್ವಪಕ್ಷವನ್ನು ಎತ್ತಬಹುದು. ಒಂದು ಮನೆಯಿಂದ ಕಳಚಿದ ದ್ರವ್ಯವನ್ನು ಮತ್ತೊಂದು ಮನೆಗೆ ಸೇರಿಸಬಾರದೆಂಬ ನಿಷೇಧವು ಸಂಸ್ಕೃತದ ವಾಸ್ತುಗ್ರಂಥಗಳಲ್ಲಿರುವುದಷ್ಟೆ. ಹೀಗಿರಲು ಬಿಸುಟ ವಸ್ತುಗಳಿಂದಲೇ ಕಟ್ಟಿದ ಮನೆಯು ಹೇಗೆ ಗ್ರಾಹ್ಯವಾದೀತು? ಇದಕ್ಕೆ ಸಮಾಧಾನವು ಕಷ್ಟವಲ್ಲ. ಹಳೆಯ ಮರದಲ್ಲಿ ಹುಳು ಹಿಡಿದಿರಬಹುದು, ಹಳೆಯ ಕಲ್ಲಿನಲ್ಲಿ ಬಿರುಕಿರಬಹುದು. ಹೊಸದರ ಜೊತೆಗೆ ಹಳೆಯದು ಸೇರಿದಾಗ ಎರಡೂ ಸಮವಾಗಿ ಭಾರವನ್ನು ಹೊರಲಾರವು. ನಿಷೇಧದ ತಾತ್ಪರ್ಯವು ಪರೀಕ್ಷೆಯಿಲ್ಲದ ದ್ರವ್ಯದಲ್ಲಿದೆಯೇ ಹೊರತು ಹಳೆಯದೆಂಬ ಮಾತ್ರದಿಂದಲ್ಲವೆಂದು ಅರ್ಥಮಾಡುವುದು ಯುಕ್ತ. ಅದೇ ಶಾಸ್ತ್ರವು ಜೀರ್ಣೋದ್ಧಾರವನ್ನು ವಿಧಿಸಿರುವುದೂ ಇದಕ್ಕೆ ಸಾಧಕ. ಲೋಕಾಚಾರವೂ ಹೀಗೆಯೇ ಇದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಹರಡಿದ ಹೆಂಚುಗಳು, ಮನೆಯನ್ನು ಬಿಚ್ಚಿದಾಗ ಬೇರೆ ಮಾಡನ್ನು ಏರುವುದು ಎಲ್ಲರೂ ಕಂಡದ್ದೇ. ಬೆರಳಿನಿಂದ ತಟ್ಟಿ ನಾದವನ್ನು ಕೇಳಿ, ಒಡಕನ್ನು ತೆಗೆದಿಟ್ಟು, ಗಟ್ಟಿಯಾದುದನ್ನು ಮೇಲಕ್ಕೆ ಕೊಡುವ ಕೆಲಸಗಾರನು ಶಾಸ್ತ್ರದ ತಾತ್ಪರ್ಯವನ್ನೇ ಆಚರಿಸುವನು. ಆದುದರಿಂದ ಹಳೆಯ ದ್ರವ್ಯವೆಂಬುದು ಭೂನೌಕೆಗೆ ದೋಷವಲ್ಲ.

ದೋಷವಿರುವುದು ಬೇರೆ ಕಡೆ. ಅದರ ಸುಳಿವು ಕೃತಿಯ ಹೆಸರಿನಲ್ಲಿಯೇ ದೊರೆಯುವುದು. ‘ಭೂನೌಕೆ’ ಎಂಬುದು ರೂಪಕ. ಮನೆಯು ಉಪಮೇಯ, ನೌಕೆಯು ಉಪಮಾನ. ತನಗೆ ಬೇಕಾದುದನ್ನೆಲ್ಲ ತನ್ನ ಒಡಲಿನಲ್ಲಿಯೇ ಹೊತ್ತಿರುವುದು ಸಾಧಾರಣಧರ್ಮ. ಆದರೆ ನೌಕೆಯನ್ನು ಕಟ್ಟುವುದು ಬಂದರಿನಲ್ಲಿ. ಬಿರುಕು ಬಿಟ್ಟರೆ ಅದು ಮರಳುವುದೂ ಬಂದರಿಗೆ. ಬಡಗಿ, ಕಮ್ಮಾರ, ಹಗ್ಗ ಹೊಸೆಯುವವನು ಇವರೆಲ್ಲರೂ ಇಲ್ಲದೆ ನೌಕೆಯು ಒಂದು ವರ್ಷವೂ ತೇಲಲಾರದು. ರೂಪಕವು ಈ ಅಂಶವನ್ನು ಮರೆಸಿ, ಸ್ವಾವಲಂಬನವೆಂದರೆ ನೆರೆಯವರಿಂದ ಬೇರೆಯಾಗಿರುವುದೇ ಎಂಬ ಭ್ರಮೆಯನ್ನು ಹುಟ್ಟಿಸುವುದು.

ಈ ಭ್ರಮೆಯ ಫಲವು ಅಧಿಕಾರಿಯ ವಿಚಾರದಲ್ಲಿ ಪ್ರಕಟವಾಗಿದೆ. ಮೊದಲ ಸಂಪುಟದ ಉಪಶೀರ್ಷಿಕೆಯು ‘ನಿನ್ನ ಮನೆಯನ್ನು ನೀನೇ ಕಟ್ಟುವ ಬಗೆ’ ಎಂಬ ಅರ್ಥವುಳ್ಳದ್ದು. ಇಲ್ಲಿಯ ‘ನೀನು’ ಯಾರು? ಟೈರುಗಳು ಬೆಲೆಯಿಲ್ಲದೆ ರಾಶಿಬಿದ್ದಿರುವ ದೇಶದವನು, ಸ್ವಂತ ನೆಲವುಳ್ಳವನು, ದೊಡ್ಡ ಗಾಜುಗಳನ್ನೂ ಬ್ಯಾಟರಿಗಳನ್ನೂ ನೀರೆತ್ತುವ ಯಂತ್ರವನ್ನೂ ಸಿಮೆಂಟನ್ನೂ ಕೊಳ್ಳಬಲ್ಲವನು, ಒಣಹವೆಯ, ಹಗಲು ಬಿಸಿಲೂ ರಾತ್ರಿ ಚಳಿಯೂ ಇರುವ ಎತ್ತರದ ಪ್ರದೇಶದಲ್ಲಿ ವಾಸಿಸುವವನು. ಬಡದೇಶಗಳ ನಿವಾಸಿಯಲ್ಲಿ ಈ ಲಕ್ಷಣಗಳೆಲ್ಲವೂ ಸೇರಿರುವುದು ವಿರಳ. ಭಾರತದಲ್ಲಿ ಸವೆದ ಟೈರು ಕಸವಲ್ಲ. ಅದಕ್ಕೆ ಮತ್ತೆ ರಬ್ಬರು ಹೊದಿಸುವರು, ಅದರಿಂದ ಚಪ್ಪಲಿಯನ್ನು ಮಾಡುವರು, ಗುಜರಿಯವನು ಅದಕ್ಕೆ ಬೆಲೆ ಕಟ್ಟುವನು. ಒಂದು ದೇಶದ ಕಸವು ಇನ್ನೊಂದು ದೇಶದಲ್ಲಿ ಯಾರದೋ ಜೀವನೋಪಾಯ. ಹವೆಯ ವಿಷಯವೂ ಹಾಗೆಯೇ. ಹಗಲಿಗೂ ರಾತ್ರಿಗೂ ಸೆಕೆಯಲ್ಲಿ ಹೆಚ್ಚು ಅಂತರವಿಲ್ಲದ ಕಡಲತೀರದಲ್ಲಿ ದಪ್ಪಗೋಡೆಯು ಹೀರಿದ ಕಾವನ್ನು ಬಿಡುವುದಕ್ಕೆ ತಂಪಾದ ಹೊತ್ತೇ ದೊರೆಯದು. ಅಲ್ಲಿ ಬೇಕಾದುದು ನೆರಳು, ಅಗಲವಾದ ಸೂರು, ಗಾಳಿಯ ದಾರಿ.

ಗ್ರಂಥಕರ್ತರು ಇದನ್ನು ಅರಿಯದವರೆಂದು ಹೇಳಿದರೆ ಅನ್ಯಾಯವಾದೀತು. 2004ರ ಡಿಸೆಂಬರಿನ ಸುನಾಮಿಯ ತರುವಾಯ ಅವರು ಅಂಡಮಾನ್ ದ್ವೀಪಗಳಿಗೂ, 2010ರ ಜನವರಿಯ ಭೂಕಂಪದ ತರುವಾಯ ಹೈಟಿ ದೇಶಕ್ಕೂ ಹೋಗಿ, ಅಲ್ಲಿಯವರ ಜೊತೆಗೆ ಕೈಗೂಡಿಸಿ ಚಿಕ್ಕ ಮನೆಗಳನ್ನು ಕಟ್ಟಿ ತೋರಿಸಿದರು. ಟಾವೊಸಿನ ರೂಪವನ್ನೇ ಅಲ್ಲಿಗೆ ಹೊತ್ತುಕೊಂಡು ಹೋಗಲಿಲ್ಲ. ಆಲಿವರ್ ಹಾಡ್ಜ್‌ರವರು 2007ರಲ್ಲಿ ಹೊರತಂದ ‘ಗಾರ್ಬೇಜ್ ವಾರಿಯರ್’ ಎಂಬ ಚಲನಚಿತ್ರದಲ್ಲಿ ಅಂಡಮಾನಿನ ಈ ಕೆಲಸವೂ, ತಮ್ಮ ಪ್ರಾಂತದ ಕಟ್ಟಡದ ಕಾನೂನುಗಳೊಡನೆ ಅವರು ನಡೆಸಿದ ದೀರ್ಘವ್ಯಾಜ್ಯವೂ ಚಿತ್ರಿತವಾಗಿವೆ. ಆ ವ್ಯಾಜ್ಯದ ಫಲವಾಗಿ, ಹೊಸ ಬಗೆಯ ಮನೆಗಳನ್ನು ಪ್ರಯೋಗಿಸುವುದಕ್ಕೆ ಸ್ಥಳವನ್ನು ಕೊಡುವ ಶಾಸನವು 2007ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಅಂಗೀಕೃತವಾಯಿತು. ತಪ್ಪುಮಾಡುವ ಸ್ವಾತಂತ್ರ್ಯವಿಲ್ಲದೆ ವಿದ್ಯೆಯು ಬೆಳೆಯದೆಂಬುದೇ ಅವರ ವಾದದ ಸಾರ. ವಾದವು ಸತ್ಯವೇ. ಆದರೆ ತಪ್ಪಿನ ಭಾರವನ್ನು ಹೊರುವವರು ಯಾರೆಂಬುದನ್ನು ವಿವೇಚಿಸಬೇಕು. ಟಾವೊಸಿನಲ್ಲಿ ಪ್ರಯೋಗದ ಮನೆಯನ್ನು ತಾನೇ ಬಯಸಿ ಕೊಂಡವನು ಸೋರುವ ಮಾಡನ್ನು ಸಹಿಸಬಲ್ಲನು, ಬೇಸರವಾದರೆ ಬೇರೆಡೆಗೆ ಹೋಗಬಲ್ಲನು. ಕಡಲು ಮನೆಯನ್ನು ಕೊಚ್ಚಿಕೊಂಡು ಹೋದವನಿಗೆ ಅಂತಹ ಆಯ್ಕೆಯಿಲ್ಲ. ಅವನ ಮನೆಯು ಸೋರಿದರೆ ಅದು ಪ್ರಯೋಗದ ದೋಷವೆನಿಸದೆ ಅವನ ಬಾಳಿನ ದೋಷವಾಗುವುದು. ಪ್ರಯೋಗಕರ್ತರು ಹಿಂದಿರುಗಿದ ಬಳಿಕ ಗೋಡೆಯ ಬಿರುಕನ್ನು ತುಂಬುವ ಕೈಯು ಆ ಊರಿನಲ್ಲಿಯೇ ಇರಬೇಕಾದುದು ಅತ್ಯಾವಶ್ಯಕ.

ಈ ದೃಷ್ಟಿಯಿಂದ ಉರುಗ್ವೆ ದೇಶದ ಹೌರೆಗೀಬೆರಿ ಎಂಬಲ್ಲಿ 2016ರಲ್ಲಿ ಇದೇ ಪದ್ಧತಿಯಿಂದ ನಿರ್ಮಿತವಾದ ಶಾಲೆಯು ಗಮನಾರ್ಹ. ಸುಮಾರು 270 ಚದರ ಮೀಟರಿನ ಈ ಕಟ್ಟಡದಲ್ಲಿ ಸುಮಾರು 2,000 ಟೈರುಗಳೂ 5,000 ಗಾಜಿನ ಸೀಸೆಗಳೂ ಸೇರಿರುವುವು. ಶಾಲೆಯು ಒಬ್ಬನ ನೌಕೆಯಲ್ಲ, ಊರಿನ ಸೊತ್ತು. ಪ್ರತಿದಿನವೂ ಅದರೊಳಗೆ ಇರುವ ಉಪಾಧ್ಯಾಯರಿಗೂ ಮಕ್ಕಳಿಗೂ ನೀರಿನ ದಾರಿಯೂ ಗಿಡಗಳ ಪಾತಿಯೂ ಪಾಠದ ಭಾಗವೇ ಆಗಬಲ್ಲುದು. ವ್ಯಕ್ತಿಗಿಂತ ಸಮುದಾಯವೇ ಈ ಶಾಸ್ತ್ರಕ್ಕೆ ಯೋಗ್ಯನಾದ ಅಧಿಕಾರಿ ಎಂಬುದು ಇದರಿಂದ ಊಹ್ಯವಾಗುವುದು.

ಆದರೆ ಸಮುದಾಯವೆಂಬ ಮಾತನ್ನು ಆಡಿದ ಮಾತ್ರಕ್ಕೆ ಕಾರ್ಯವು ಸಿದ್ಧಿಸದು. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿಯವರ ಗ್ರಂಥವನ್ನು ಇಲ್ಲಿ ಹೋಲಿಸಿ ನೋಡತಕ್ಕದ್ದು. 1969ರಲ್ಲಿ ಕೈರೋ ನಗರದಲ್ಲಿ ಪ್ರಕಟವಾದ ಈ ಗ್ರಂಥವು 1973ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಿಂದ ‘ಬಡವರ ವಾಸ್ತು’ ಎಂಬ ಅರ್ಥದ ಹೆಸರಿನಿಂದ ಪುನಃ ಹೊರಟಿತು. ನೈಲ್ ನದಿಯ ಪಶ್ಚಿಮದಡದಲ್ಲಿ ಪ್ರಾಚೀನ ಗೋರಿಗಳ ಮೇಲೆ ವಾಸವಾಗಿದ್ದ ಗುರ್ನಾ ಗ್ರಾಮದವರನ್ನು ಬೇರೆಡೆಗೆ ಸಾಗಿಸಬೇಕೆಂದು ಸರಕಾರವು ನಿಶ್ಚಯಿಸಿದಾಗ, ಹೊಸ ಗ್ರಾಮದ ನಿರ್ಮಾಣವು 1940ರ ದಶಕದಲ್ಲಿ ಫಾತಿಯವರಿಗೆ ಒಪ್ಪಿಸಲ್ಪಟ್ಟಿತು. ಅವರು ಕೊಳ್ಳುವ ವಸ್ತುಗಳನ್ನು ಆದಷ್ಟೂ ತೊರೆದು, ಹಸಿಯ ಇಟ್ಟಿಗೆಯನ್ನೇ ಹಿಡಿದರು; ಮರದ ಆಸರೆಯಿಲ್ಲದೆ ಕಮಾನುಚಾವಣಿಯನ್ನು ಎತ್ತಬಲ್ಲ ನೂಬಿಯಾದ ಗಾರೆಕೆಲಸದವರನ್ನು ಕರೆಸಿದರು. ಕಟ್ಟಡಗಳು ಸುಂದರವಾದುವು, ಆದರೆ ಗೋರಿಗಳಿಂದಲೇ ಜೀವಿಸುತ್ತಿದ್ದ ಜನರು ಬರಲೊಲ್ಲದೆ ಹೋದರು, ಯೋಜನೆಯ ಒಂದು ಭಾಗವಷ್ಟೇ ಪೂರ್ತಿಯಾಯಿತು. ಆದರೂ ಫಾತಿಯವರ ಗ್ರಂಥವು ಒಂದು ಗುಣದಲ್ಲಿ ಮೇಲಾಗಿದೆ. ತಮ್ಮ ಸೋಲನ್ನು ಅವರು ಅಡಗಿಸದೆ ಸವಿಸ್ತಾರವಾಗಿ ನಿರೂಪಿಸಿರುವರು. ಅಧಿಕಾರಿಯು ಯಾರೆಂಬ ಪ್ರಶ್ನೆಯನ್ನು ಓದುವವನ ಮುಂದೆ ಜೀವಂತವಾಗಿ ನಿಲ್ಲಿಸಿರುವರು. ರೆನಾಲ್ಡ್ಸ್‌ರವರ ಗ್ರಂಥದಲ್ಲಿ ವಿಧಿವಾಕ್ಯಗಳು ಹೇರಳವಾಗಿವೆ, ಅರ್ಥವಾದವೂ ಬೇಕಾದಷ್ಟಿದೆ, ಆ ವಿಧಿಯು ಯಾವ ನೆಲದಲ್ಲಿ, ಯಾರ ಪಾಲಿಗೆ ಸಲ್ಲದೆಂಬ ಪರ್ಯುದಾಸವು ಮಾತ್ರ ವಿರಳ.

ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹೇಳಿರುವ ಭೂಪರೀಕ್ಷೆಯು ವಿದ್ವಾಂಸರಿಗೆ ಪರಿಚಿತವಾದದ್ದು. ಒಂದು ಮೊಳದ ಗುಂಡಿಯನ್ನು ತೋಡಿ ಅದೇ ಮಣ್ಣಿನಿಂದ ಮತ್ತೆ ತುಂಬಿದಾಗ ಮಣ್ಣು ಮಿಕ್ಕರೆ ಆ ನೆಲವು ಶ್ರೇಷ್ಠ, ಸರಿಹೋದರೆ ಮಧ್ಯಮ, ಸಾಲದಿದ್ದರೆ ಅನಿಷ್ಟ. ಈ ವಿಧಿಯಲ್ಲಿ ಮನೆಯ ಆಕಾರಕ್ಕಿಂತ ಮೊದಲು ನೆಲದ ಸಾಕ್ಷ್ಯವನ್ನು ಕೇಳುವ ವಿನಯವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದಲ್ಲಿ 1974ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ಎಂಬ ಗ್ರಾಮೋಪಯೋಗಿ ಶಿಲ್ಪಕೇಂದ್ರದವರು ಮಣ್ಣಿಗೆ ಸ್ವಲ್ಪ ಸಿಮೆಂಟನ್ನು ಬೆರಸಿ, ಕೈಯಂತ್ರದಿಂದ ಒತ್ತಿ, ಸುಡದೆಯೇ ಇಟ್ಟಿಗೆಯನ್ನು ಮಾಡುವ ಪದ್ಧತಿಯನ್ನು ಬೆಳೆಸಿದಾಗಲೂ, ಮಣ್ಣಿನಲ್ಲಿ ಮರಳೆಷ್ಟು ಜೇಡಿಯೆಷ್ಟು ಎಂಬ ಪರೀಕ್ಷೆಯೇ ಮೊದಲ ಹೆಜ್ಜೆಯಾಯಿತು. ಟೈರು, ಸೀಸೆ, ಡಬ್ಬಿ, ಹಳೆಯ ಹೆಂಚು, ಮಣ್ಣು, ಇವುಗಳಲ್ಲಿ ಯಾವುದು ಗ್ರಾಹ್ಯವೆಂಬುದನ್ನು ಊರೇ ನಿರ್ಣಯಿಸಬೇಕು. ಗ್ರಂಥವು ನಿರ್ಣಯದ ಕ್ರಮವನ್ನು ಕಲಿಸಿದರೆ ಸಾಕು.

ಒಟ್ಟಿನಲ್ಲಿ ಭೂನೌಕಾಗ್ರಂಥವು ವಿಷಯದಲ್ಲಿ ನವೀನ, ಪ್ರಯೋಜನದಲ್ಲಿ ಉದಾತ್ತ, ಸಂಬಂಧದಲ್ಲಿ ಟಾವೊಸಿನ ಮಟ್ಟಿಗೆ ಸಮರ್ಥ, ಅಧಿಕಾರಿನಿರೂಪಣದಲ್ಲಿ ನ್ಯೂನ. ಈ ನ್ಯೂನತೆಯು ಗ್ರಂಥವನ್ನು ತಿರಸ್ಕರಿಸುವುದಕ್ಕೆ ಕಾರಣವಲ್ಲ; ಅದನ್ನು ಅನುವದಿಸುವವರೂ ಅನುಸರಿಸುವವರೂ ಮಾಡಬೇಕಾದ ಕೆಲಸವನ್ನು ತೋರಿಸುವ ಕೈಮರ. ಕನ್ನಡದಲ್ಲಿ ಇಂತಹ ಶಾಸ್ತ್ರವು ಹುಟ್ಟುವುದಾದರೆ, ಅದು ಮಲೆನಾಡಿನ ಮಳೆಯನ್ನೂ ಬಯಲುಸೀಮೆಯ ಬಿಸಿಲನ್ನೂ ಬೇರೆಬೇರೆಯಾಗಿ ಎಣಿಸಿ, ಗಾರೆಕೆಲಸದವನ ಮತ್ತು ಗುಜರಿಯವನ ಅನುಭವವನ್ನು ಕೇಳಿ, ಮನೆಯಲ್ಲಿ ಇರಬೇಕಾದ ಗೃಹಿಣಿಯ ಒಪ್ಪಿಗೆಯನ್ನು ಪಡೆದು ರಚಿತವಾಗಬೇಕು. ಪಾರಿಭಾಷಿಕ ಶಬ್ದಗಳನ್ನು ಸಂಸ್ಕೃತದಿಂದ ಕಡತರುವುದಕ್ಕೆ ಮುಂಚೆ ಆ ಕೆಲಸಗಾರರ ಬಾಯಲ್ಲಿರುವ ಮಾತುಗಳನ್ನು ಸಂಗ್ರಹಿಸುವುದು ಮೊದಲ ಕರ್ತವ್ಯ. ಈ ಸಂಗ್ರಹಕಾರ್ಯವನ್ನು ವಿದ್ವಾಂಸರೂ ಉಪಾಧ್ಯಾಯರೂ ತಂತಮ್ಮ ಊರುಗಳಲ್ಲಿ ಕೈಕೊಂಡರೆ ಭಾಷೆಗೂ ಬಡವನ ಮನೆಗೂ ಒಂದೇ ಸಲ ಉಪಕಾರವಾಗುವುದು.