ಗುರುತು ಹಿಡಿದು ದುಡಿಯುವ ಬಂಡಲ್

ಓಎಸ್‌ಜಿಐ ಬಳಸಿ ಜಾವಾ ಅಪ್ಲಿಕೇಶನ್ ಕಟ್ಟುವವರಿಗೆ ದಕ್ಕಿರುವ ಸೊಗಸಾದ ಉಪಾಯಗಳಲ್ಲಿ ಎಕ್ಸ್‌ಟೆಂಡರ್ ವಿನ್ಯಾಸಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಪ್ರತಿ ಮಾಡ್ಯೂಲ್‌ನಲ್ಲೂ, ಅಂದರೆ ಬಂಡಲ್‌ನಲ್ಲೂ ಸೇವೆ ನೋಂದಾಯಿಸುವ ಅದದೇ ಕೋಡ್ ಬರೆಯುವ ಗೋಳು ಇಲ್ಲಿಲ್ಲ. ಮ್ಯಾನಿಫೆಸ್ಟ್‌ನಲ್ಲಿ ‘ಸರ್ವಿಸ್-ಕಾಂಪೊನೆಂಟ್’ ಎಂಬ ಸಾಲೊಂದಿದ್ದು, ಅದು ತೋರಿಸುವ ಎಕ್ಸ್‌ಎಂಎಲ್ ಕಡತ ಒಳಗಿದ್ದರೆ ಸಾಕು. ಬಂಡಲ್ ಶುರುವಾದ ಕೂಡಲೇ ಡಿಕ್ಲರೇಟಿವ್ ಸರ್ವೀಸಸ್‌ನ ಎಕ್ಸ್‌ಟೆಂಡರ್ ಆ ಸಾಲನ್ನು ಓದಿ ಉಳಿದದ್ದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಓಎಸ್‌ಜಿಐನ ಇನ್ನೊಂದು ವ್ಯವಸ್ಥೆಯಾದ ಬ್ಲೂಪ್ರಿಂಟ್ ನಡೆಯುವುದೂ ಹೀಗೆಯೇ.

ನನ್ನ ಮನಸ್ಸು ಗೆದ್ದಿರುವುದು ಈ ವಿನ್ಯಾಸದ ಸೂಕ್ಷ್ಮ. ಎಕ್ಸ್‌ಟೆಂಡರ್ ಕ್ಲಾಸ್‌ಗಳನ್ನು ಲೋಡ್ ಮಾಡುವುದು ಆಯಾ ಬಂಡಲ್‌ನ ಮೂಲಕವೇ. ಹಾಗಾಗಿ ಒಳಗಿನ ಪ್ಯಾಕೇಜ್‌ಗಳನ್ನು ಹೊರಗೆ ತೆರೆದಿಡಬೇಕಿಲ್ಲ. ಮಾಡ್ಯೂಲ್‌ನ ಗುಟ್ಟು ಮಾಡ್ಯೂಲ್‌ನಲ್ಲೇ ಉಳಿಯುತ್ತದೆ.

ಮೊದಲು ಎಕ್ಸ್‌ಟೆಂಡರ್ ಒಂದನ್ನು ಸ್ವಂತವಾಗಿ ಬರೆಯಲು ಹೊರಟರೆ ಕಷ್ಟವಿತ್ತು. ಆಗಲೇ ಓಡುತ್ತಿರುವ ಬಂಡಲ್‌ಗಳನ್ನು ಹುಡುಕುವಾಗಲೇ ಹೊಸದೊಂದು ಬಂದರೆ ಲೆಕ್ಕ ತಪ್ಪುತ್ತಿತ್ತು. ಓಎಸ್‌ಜಿಐನ 4.2ನೇ ಆವೃತ್ತಿಯಲ್ಲಿ ಬಂದ ‘ಬಂಡಲ್‌ಟ್ರ್ಯಾಕರ್’ ಆ ತಲೆನೋವನ್ನು ತೆಗೆದುಹಾಕಿತು. ಇದ್ದದ್ದು, ಬಂದದ್ದು ಎರಡನ್ನೂ ಅದು ‘ಆ್ಯಡಿಂಗ್‌ಬಂಡಲ್’ ಮೂಲಕ ತಿಳಿಸುತ್ತದೆ. ಬಂಡಲ್ ನಿಂತಾಗ ‘ರಿಮೂವ್ಡ್‌ಬಂಡಲ್’ ಕರೆಯುತ್ತದೆ. ಹಂಚಿದ್ದನ್ನೆಲ್ಲ ಹಿಂದಕ್ಕೆ ಪಡೆದು ಚೊಕ್ಕಟ ಮಾಡುವ ಕೋಡ್ ಸೇರಬೇಕಾದದ್ದು ಅಲ್ಲೇ.