ಶಂಕರಪುರ ಮಲ್ಲಿಗೆ ಕೃಷಿ: ಬಲ ಮತ್ತು ಮಿತಿ

ಉಡುಪಿ ಜಿಲ್ಲೆಯ ಕಟಪಾಡಿ ಸಮೀಪದ ಶಂಕರಪುರದ ಹೆಸರು ಹೊತ್ತ ಮಲ್ಲಿಗೆ ಜಾಸ್ಮಿನಂ ಸಂಬಾಕ್ ಪ್ರಭೇದಕ್ಕೆ ಸೇರಿದ ತಳಿ. ಉಡುಪಿ ಮಲ್ಲಿಗೆ ಎಂಬ ಹೆಸರಿನಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಇದನ್ನು ಬೆಳೆಸುವುದು ಹೆಚ್ಚಾಗಿ ಮನೆಯಂಗಳ ಮತ್ತು ಹಿತ್ತಿಲುಗಳಲ್ಲಿ. ಈಚೆಗೆ ತಾರಸಿಯ ಕುಂಡಗಳಲ್ಲೂ. ಎಷ್ಟು ಗಿಡ ಸಾಕಬಹುದು ಎಂಬುದನ್ನು ಇಲ್ಲಿ ಜಾಗಕ್ಕಿಂತ ಮೊದಲು ನಿರ್ಧರಿಸುವುದು ಮನೆಯಲ್ಲಿ ಕೊಯ್ದು ಕಟ್ಟುವವರು ಎಷ್ಟು ಮಂದಿ ಎಂಬ ಲೆಕ್ಕ. ಈ ಕೃಷಿಯ ಬಲವೂ ದೌರ್ಬಲ್ಯವೂ ಅಲ್ಲಿಂದಲೇ ಹುಟ್ಟುತ್ತವೆ.

ಬೇಸಾಯಕ್ರಮ ಸರಳ. ಗೆಲ್ಲು ತುಂಡರಿಸಿ ನೆಟ್ಟರೆ ಬೇರು ಬರುತ್ತದೆ. ಮೊಗ್ಗು ಮೂಡುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಹಳೆಯ ಗೆಲ್ಲುಗಳನ್ನು ಸವರುವುದು ಆರೈಕೆಯ ಮುಖ್ಯ ಭಾಗ. ಸವರಲು ಹಿಂಜರಿದು ಬಳ್ಳಿಯನ್ನು ತನ್ನಷ್ಟಕ್ಕೆ ಹಬ್ಬಲು ಬಿಟ್ಟರೆ ಪೊದೆ ದಟ್ಟವಾಗುತ್ತದೆ, ಹೂವು ಮಾತ್ರ ಕಡಿಮೆಯಾಗುತ್ತದೆ. ನೆರಳಿನಲ್ಲಿ ಬೆಳೆದ ಗಿಡದ್ದೂ ಇದೇ ಕತೆ. ಹಟ್ಟಿಗೊಬ್ಬರ ಮತ್ತು ನೆಲಗಡಲೆ ಹಿಂಡಿ ರೂಢಿಯ ಪೋಷಣೆ. ಸಾರಜನಕ ಅತಿಯಾದರೆ ಸೊಂಪಾದ ಎಲೆ ಬರುತ್ತದೆ, ಮೊಗ್ಗು ಹಿಂದೆ ಬೀಳುತ್ತದೆ. ಕರಾವಳಿಯ ಬಿರುಮಳೆಯಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ಏರಿ ಮಾಡಿ ನೆಡುವ ಪದ್ಧತಿ ಇಲ್ಲಿಗೆ ಒಪ್ಪುತ್ತದೆ.

ಕಷ್ಟವಿರುವುದು ಕೊಯ್ಲಿನಲ್ಲಿ. ಬಲಿತ ಮೊಗ್ಗು ಸಂಜೆಗೆ ಅರಳುತ್ತದೆ. ಅರಳಿದ ಹೂವಿಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ಹಾಗಾಗಿ ಬೆಳಗ್ಗೆಯೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವು ಖರೀದಿಸುವ ಕಟ್ಟೆಗೆ ಮುಟ್ಟಿಸಬೇಕು. ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯ ಹಿಂದೆ 3,200ರಷ್ಟು ಮೊಗ್ಗುಗಳನ್ನು ಬಿಡಿಬಿಡಿಯಾಗಿ ಕೊಯ್ದು ಕಟ್ಟಿದ ದುಡಿಮೆ ಇರುತ್ತದೆ. ಬಿಡಿಹೂವನ್ನು ಕಿಲೋ ಲೆಕ್ಕದಲ್ಲಿ ಮಾರುವ ಕಡೆ ಕಟ್ಟುವ ಕೂಲಿ ಬೇರೆಯವರ ಪಾಲಾಗುತ್ತದೆ. ಅಟ್ಟೆಯ ಲೆಕ್ಕದಲ್ಲಿ ಅದು ಬೆಳೆದ ಮನೆಗೇ ಉಳಿಯುತ್ತದೆ. ಬಹುಪಾಲು ಈ ಕೆಲಸ ಮಾಡುವ ಹೆಂಗಸರ ಕೈಗೆ ದಿನವಹಿ ಆದಾಯ ಬರುವುದು ಈ ಪದ್ಧತಿಯ ದೊಡ್ಡ ಗುಣ. ಆದರೆ ಕೂಲಿಯಾಳು ಇಟ್ಟು ಕೊಯ್ಸಿದರೆ ಲಾಭ ಕರಗುತ್ತದೆ. ಗಿಡಗಳ ಸಂಖ್ಯೆ ಹೆಚ್ಚಿಸಿದ ಮಾತ್ರಕ್ಕೆ ಆದಾಯ ಹೆಚ್ಚದಿರುವುದು ಇದರಿಂದಲೇ.

ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ. ಶಂಕರಪುರದಲ್ಲಿ ದಿನದಿನವೂ ದರ ನಿಗದಿಯಾಗುತ್ತದೆ. ಬೇಸಿಗೆಯಲ್ಲಿ ಹೂವು ಸುರಿದಂತೆ ದರ ಇಳಿಯುತ್ತದೆ. ಇಳುವರಿ ಕುಗ್ಗಿದ ಮಳೆಗಾಲದಲ್ಲಿ ನಾಗರಪಂಚಮಿಯಂಥ ಹಬ್ಬ ಬಂದರೆ ಗಗನಕ್ಕೇರುತ್ತದೆ. ಮದುವೆಗಳಿಲ್ಲದ, ಮಳೆಗಾಲದ ಆಟಿ ಎಂಬ ತುಳು ತಿಂಗಳಲ್ಲಿ ಹಬ್ಬದ ದಿನ ಬಿಟ್ಟರೆ ಕೇಳುವವರು ಕಡಿಮೆ. ಒಂದೆರಡು ದಿನವೂ ಕಾದಿರಿಸಲಾಗದ ಸರಕಾದ್ದರಿಂದ ಒಳ್ಳೆಯ ದರಕ್ಕಾಗಿ ಕಾಯುವ ಅವಕಾಶ ಬೆಳೆಗಾರರಿಗಿಲ್ಲ. ಮಲ್ಲಿಗೆಯೊಂದನ್ನೇ ನಂಬಿದ ಸಂಸಾರಕ್ಕೆ ಇದು ಅಪಾಯ. ಅಡಿಕೆ, ತೆಂಗು, ಹೈನುಗಾರಿಕೆಯ ಜೊತೆಗೆ ಬರುವ ಉಪ ಆದಾಯವಾದರೆ ತಡೆದುಕೊಳ್ಳಬಹುದು.

ಹೆಚ್ಚು ಆಕ್ಷೇಪಕ್ಕೆ ಎಡೆಮಾಡುವುದು ಕೀಟನಾಶಕದ ಬಳಕೆ. ಮೊಗ್ಗು ಕೊರೆಯುವ ಹುಳು, ಮೊಗ್ಗಿನ ನೊಣ, ಬೇಸಿಗೆಯ ಕೆಂಪು ನುಸಿ ಇವು ಮುಖ್ಯ ಪೀಡೆಗಳು. ಸಿಂಪಡಣೆಗೂ ಕೊಯ್ಲಿಗೂ ನಡುವೆ ಇಂತಿಷ್ಟು ದಿನ ಬಿಡಬೇಕೆಂಬುದು ಯಾವುದೇ ಬೆಳೆಗೆ ಅನ್ವಯಿಸುವ ನಿಯಮ. ದಿನವೂ ಕೊಯ್ಯುವ ಮಲ್ಲಿಗೆಯಲ್ಲಿ ಅದನ್ನು ಪಾಲಿಸಿದರೆ ಅಷ್ಟು ದಿನದ ಹೂವು ನಷ್ಟ. ಪಾಲಿಸದಿದ್ದರೆ ವಿಷ ತಾಗುವುದು ಮೊದಲಿಗೆ ಕಟ್ಟುವವರ ಬೆರಳಿಗೆ, ಆಮೇಲೆ ಮುಡಿಯುವವರಿಗೆ. ಬಣ್ಣಗೆಟ್ಟ ಮೊಗ್ಗುಗಳನ್ನು ಆಯ್ದು ನಾಶಪಡಿಸುವುದು, ಮಣ್ಣಿನಲ್ಲಿ ಅಡಗಿದ ಕೋಶಗಳು ಬಿಸಿಲಿಗೆ ಬೀಳುವಂತೆ ಬುಡ ಕೆದಕುವುದು, ಬೇವಿನ ಹಿಂಡಿ ಹಾಕುವುದು ನಿಧಾನದ ದಾರಿಗಳು. ಹತ್ತಾರು ಗಿಡಗಳಿರುವಲ್ಲಿ ಇವು ಸಾಧ್ಯ, ನೂರಾರು ಗಿಡಗಳಿಗೆ ಕಷ್ಟ.

ತಾರಸಿ ಕೃಷಿಯನ್ನೂ ಶ್ರಮದ ಅಳತೆಯಿಂದಲೇ ನೋಡಬೇಕು. ಅಲ್ಲಿ ಬಿಸಿಲು ಧಾರಾಳ, ನೀರು ಬಸಿಯುವುದೂ ಸುಲಭ. ಆದರೆ ಕುಂಡದ ಮಣ್ಣು ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ನೀರುಣಿಸುವುದು ಒಂದು ದಿನವೂ ತಪ್ಪುವಂತಿಲ್ಲ. ಬೇರಿಗೆ ಜಾಗ ಸಾಲದಾದಾಗ ಮಣ್ಣು ಬದಲಿಸಬೇಕು. ಜಾಗವಿಲ್ಲದವರಿಗೆ ಇದು ಒಳ್ಳೆಯ ಆರಂಭ, ಶ್ರಮ ಉಳಿಸುವ ಉಪಾಯವಲ್ಲ.

ಒಟ್ಟಿನಲ್ಲಿ, ಮನೆಮಂದಿ ಬೆಳಗಿನ ಹೊತ್ತಿನಲ್ಲಿ ಕೊಯ್ದು ಕಟ್ಟಿ ಮುಗಿಸಬಹುದಾದಷ್ಟೇ ಗಿಡಗಳಿರುವಲ್ಲಿ ಈ ಕೃಷಿ ಲಾಭದಾಯಕವೂ ಸುರಕ್ಷಿತವೂ ಹೌದು. ಅದನ್ನು ಮೀರಿದಾಗ ಕೂಲಿಯ ಹೊರೆ, ವಿಷದ ಸಿಂಪಡಣೆ, ದರ ಕುಸಿತದ ಪೆಟ್ಟು ಮೂರೂ ಒಟ್ಟಿಗೆ ಹೆಚ್ಚುತ್ತವೆ.